ಕೂಲಿ ಪಡೆದು ಆಡಿದವರು

ನಾನು ಅರಸೀಕೆರೆ ಸೀಮೆಯ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಊರಿನ ಜಾತ್ರೆಯ ವಾಲಿಬಾಲ್ ಪಂದ್ಯಕ್ಕೆ ನಮ್ಮ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಎದುರು ತಂಡದಲ್ಲಿ ಆರಡಿ ಮೀರಿದ ಒಬ್ಬ ಆಳು. ಅವನು ಎಗರಿ ಹೊಡೆದರೆ ಚೆಂಡು ಎಲ್ಲಿ ಬಿತ್ತೆಂದು ಹುಡುಕಬೇಕಿತ್ತು. ನಮ್ಮವರು ಆಡಿದ ಸೆಟ್ಟುಗಳನ್ನೆಲ್ಲ ಸೋತರು. ಪಂದ್ಯದ ಪಟ್ಟಿಯಲ್ಲಿ ಅವನಿಗೆ ಆ ಊರಿನದೇ ಯಾರೋ ಹುಡುಗನ ಹೆಸರು ಹಾಕಿದ್ದರು. ಸಂಜೆ ಬಸ್ಸಿಗೆ ಬರುವಾಗ ನೋಡುತ್ತೇನೆ, ಕೊಬ್ಬರಿ ಮಂಡಿಯ ಗೋಡೆಯ ಮರೆಯಲ್ಲಿ ಯಾರೋ ಅವನ ಜೇಬಿಗೆ ಮಡಚಿದ ನೋಟು ತುರುಕುತ್ತಿದ್ದಾರೆ. ನಾನು ನೋಡಿದೆನೆಂದು ಗೊತ್ತಾಗುತ್ತಲೇ ಅವನು ಮುಖ ಆ ಕಡೆ ತಿರುಗಿಸಿಕೊಂಡ. ಇಡೀ ಮಧ್ಯಾಹ್ನ ಸಾವಿರ ಜನರ ಎದುರು ಎದೆಯುಬ್ಬಿಸಿ ಆಡಿದವನಿಗೆ ಆಗ ಕಳ್ಳನ ಅಳುಕು.

ಆ ಮುಖ ನನಗೆ ಇನ್ನೂ ಮರೆತಿಲ್ಲ. ಆಟಕ್ಕೆ ದುಡ್ಡು ತೆಗೆದುಕೊಂಡದ್ದು ಅವನ ತಪ್ಪೇ? ಈ ಪ್ರಶ್ನೆಯನ್ನು ಹಿಡಿದುಕೊಂಡು ಇವತ್ತು ನಿಮ್ಮನ್ನು ಬಹಳ ದೂರದ ಊರಿಗೆ ಕರೆದೊಯ್ಯಬೇಕೆಂದಿದ್ದೇನೆ. ಆಟವೂ ನಮ್ಮದಲ್ಲ. ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ. ಆದರೆ ಕತೆ ಮುಗಿಯುವ ಹೊತ್ತಿಗೆ ನಾವು ಮತ್ತೆ ಅದೇ ಕೊಬ್ಬರಿ ಮಂಡಿಯ ಗೋಡೆಯ ಹತ್ತಿರ ಬಂದಿರುತ್ತೇವೆ.

ಅಮೆರಿಕದ ಉತ್ತರದ ಅಂಚಿನಲ್ಲಿ ಸುಪೀರಿಯರ್ ಎಂಬ ದೊಡ್ಡ ಸರೋವರವಿದೆ. ಅದರೊಳಕ್ಕೆ ಬೆರಳಿನ ಹಾಗೆ ಚಾಚಿಕೊಂಡಿರುವುದು ಮಿಷಿಗನ್ ರಾಜ್ಯಕ್ಕೆ ಸೇರಿದ ಕ್ಯೂವಿನಾ ಎಂಬ ನೆಲ. ನೆಲದಡಿಯಲ್ಲಿ ತಾಮ್ರ. ನೆಲದ ಮೇಲೆ ಚಳಿಗಾಲವೊಂದಕ್ಕೆ ಐದು ಮೀಟರಿನಷ್ಟು ಬೀಳುವ ಹಿಮ. ಅಲ್ಲಿ ಪೋರ್ಟೇಜ್ ಎಂಬ ನೀರಿನ ಎರಡು ದಡಗಳಲ್ಲಿ ಎದುರುಬದುರಾಗಿ ಹೌಟನ್, ಹ್ಯಾನ್ಕಾಕ್ ಎಂಬ ಊರುಗಳು. 1900ರ ಜನಗಣತಿಯಲ್ಲಿ ಹೌಟನ್ ಕೌಂಟಿಯ ಜನಸಂಖ್ಯೆ 66 ಸಾವಿರ. ಫಿನ್ಲೆಂಡಿನವರು, ಇಟಲಿಯವರು, ಕ್ರೊಯೇಷಿಯಾದವರು, ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿ ಕೆಲಸಗಾರರು, ಎಲ್ಲರೂ ತಾಮ್ರದ ಬೆನ್ನು ಹತ್ತಿ ಬಂದವರು. ಕಾರ್ನ್‌ವಾಲಿನವರು ಅಂದಾಗ ನಮಗೆ ಕೋಲಾರದ ಚಿನ್ನದ ಗಣಿ ನೆನಪಾಗಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರಕ್ಕೆ ಬಂದಾಗ ಅದರ ಹಿಂದೆ ಬಂದ ಗಣಿ ಕುಶಲಕರ್ಮಿಗಳಲ್ಲಿ ಕಾರ್ನ್‌ವಾಲಿನವರೂ ಇದ್ದರು. ಒಂದೇ ಸೀಮೆಯ ಜನ, ಒಂದು ಕವಲು ತಾಮ್ರಕ್ಕೆ ಹೋಯಿತು, ಇನ್ನೊಂದು ಚಿನ್ನಕ್ಕೆ ಬಂತು. ಗಣಿಯ ಊರಿಗೆ ಒಂದು ಗುಣ ಇರುತ್ತದೆ. ದಿನವಿಡೀ ಕತ್ತಲೆಯಲ್ಲಿ ಜೀವ ಒತ್ತೆಯಿಟ್ಟು ಬಂದವನಿಗೆ ಸಂಜೆ ಬೆಳಕಿನಲ್ಲಿ ಕೂಗಾಡಲು ಏನಾದರೂ ಬೇಕು. ಕೋಲಾರದ ಗಣಿ ಹಾಕಿ, ಫುಟ್‌ಬಾಲ್ ಬೆಳೆಸಿತು. ಹೌಟನ್ ಐಸ್ ಹಾಕಿ ಬೆಳೆಸಿತು.

ಬೆಳೆಸಿದವರಲ್ಲಿ ಮೊದಲಿಗ ಒಬ್ಬ ಹಲ್ಲಿನ ಡಾಕ್ಟರು. ಹೆಸರು ಜಾನ್ ಗಿಬ್ಸನ್, ಜನ ಕರೆಯುತ್ತಿದ್ದುದು ಡಾಕ್ ಗಿಬ್ಸನ್ ಎಂದು. ಕೆನಡಾದ ಬರ್ಲಿನ್ ಎಂಬ ಊರಿನವನು. ಆ ಊರಿಗೆ ಈಗ ಕಿಚನರ್ ಎಂದು ಹೆಸರು. 1898ರಲ್ಲಿ ಬರ್ಲಿನ್ ತಂಡ ಪಕ್ಕದೂರಾದ ವಾಟರ್‌ಲೂ ತಂಡವನ್ನು ಸೋಲಿಸಿತು. ಪಕ್ಕದೂರನ್ನು ಸೋಲಿಸಿದ ಖುಷಿ ಎಂಥದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಊರಿನ ಮೇಯರ್ ಉಬ್ಬಿಹೋಗಿ ಆಟಗಾರರಿಗೆ ತಲೆಗೊಂದರಂತೆ ಹತ್ತು ಡಾಲರಿನ ಚಿನ್ನದ ನಾಣ್ಯ ಹಂಚಿದ. ಸುದ್ದಿ ಒಂಟಾರಿಯೊ ಹಾಕಿ ಸಂಘದ ಕಿವಿಗೆ ಬಿತ್ತು. ದುಡ್ಡು ಮುಟ್ಟಿದವರು ಹವ್ಯಾಸಿಗಳಲ್ಲ ಎಂದು ಸಂಘ ಇಡೀ ತಂಡವನ್ನೇ ಹೊರಹಾಕಿತು. ಆ ತಂಡದಲ್ಲಿ ಹದಿಹರೆಯ ದಾಟದ ಗಿಬ್ಸನ್ ಇದ್ದ.

ಇಷ್ಟು ಕಟ್ಟುನಿಟ್ಟು ಯಾಕೆ ಎನಿಸಬಹುದು. ಹವ್ಯಾಸಿ ಎಂಬ ಈ ಆದರ್ಶ ಹುಟ್ಟಿದ್ದು ಇಂಗ್ಲೆಂಡಿನ ಸಾಹುಕಾರರ ಕ್ಲಬ್ಬುಗಳಲ್ಲಿ. ಆಟವನ್ನು ಆಟಕ್ಕಾಗಿಯೇ ಆಡಬೇಕು ಎಂಬ ಮಾತು ಕೇಳಲು ಚೆಂದ. ಆದರೆ ಥೇಮ್ಸ್ ನದಿಯ ಹೆನ್ಲಿ ಎಂಬಲ್ಲಿ ನಡೆಯುವ ಹೆಸರಾಂತ ದೋಣಿ ಸ್ಪರ್ಧೆಯ 1879ರ ನಿಯಮವನ್ನು ನೋಡಿ. ಕೂಲಿಗೆ ದುಡಿಯುವ ಕುಶಲಕರ್ಮಿ, ಯಂತ್ರದ ಕೆಲಸದವನು, ಕೈಕೆಲಸದ ಆಳು, ಇವರ್ಯಾರೂ ಹವ್ಯಾಸಿಗಳಲ್ಲ, ಆದ್ದರಿಂದ ಹುಟ್ಟು ಹಾಕುವಂತಿಲ್ಲ ಎಂದಿತ್ತು. ಅವನು ದೋಣಿ ನಡೆಸಿ ದುಡ್ಡು ಪಡೆದಿರಬೇಕೆಂದೂ ಇಲ್ಲ. ಹೊಟ್ಟೆಪಾಡಿಗೆ ಕೈ ಮಸಿ ಮಾಡಿಕೊಂಡಿದ್ದರೆ ಸಾಕು. ಶುದ್ಧ ಆಟದ ಹೆಸರಿನಲ್ಲಿ ಕಟ್ಟಿದ ಆ ಬೇಲಿ ಬಡವನ ಎದುರಿಗೆ ಇತ್ತು.

ಈಗ ಒಂದು ಗಳಿಗೆ ನಮ್ಮೂರಿಗೆ ಬನ್ನಿ. ಅರಸೀಕೆರೆಯಿಂದ ಬಸ್ಸು ಹತ್ತಿದರೆ ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರನ್ನು ನೋಡಲು ನಾವೆಲ್ಲ ಕತ್ತೆತ್ತುತ್ತೇವೆ. ಅವರ ಪಾದದ ಬಳಿ ಇರುವ ಸಣ್ಣ ಅಕ್ಷರಗಳನ್ನು ಮಾತ್ರ ಬಿಟ್ಟುಬಿಡುತ್ತೇವೆ. ದಾಸೋಜ, ಅವನ ಮಗ ಚಾವಣ. ಊರು ಬಳ್ಳಿಗಾವೆ, ಈಗಿನ ಶಿಕಾರಿಪುರ ತಾಲ್ಲೂಕು. ಅಂದರೆ ಬೇಲೂರಿನವರೇ ಅಲ್ಲ. ಕೆಲಸ ಇದ್ದಲ್ಲಿಗೆ ಉಳಿ ಸುತ್ತಿಗೆ ಹೊತ್ತು ಬಂದ ಹೊರಗಿನವರು. ಕೆಲವರು ಹೆಸರಿನ ಜೊತೆ ಬಿರುದನ್ನೂ ಕೊರೆದಿದ್ದಾರೆ, ಎದುರಾಳಿ ಶಿಲ್ಪಿಗಳನ್ನು ಕೆಣಕುವಂಥ ಬಿರುದು. ಪೈಪೋಟಿ ಅಲ್ಲಿಯೂ ಇತ್ತು. ಮುಂದಿನ ಕಾಲದ ಮಲ್ಲಿತಮ್ಮನ ಹೆಸರು ಅಮೃತಾಪುರದಲ್ಲಿ ಸಿಗುತ್ತದೆ, ನುಗ್ಗೇಹಳ್ಳಿಯಲ್ಲಿ ಸಿಗುತ್ತದೆ, 1268ರ ಸೋಮನಾಥಪುರದಲ್ಲೂ ಸಿಗುತ್ತದೆ. ಜಕಣಾಚಾರಿಯ ಕತೆ ಎಲ್ಲರ ಬಾಯಲ್ಲಿದೆ ನಿಜ. ಕಲ್ಲಿನ ಮೇಲೆ ಇರುವುದು ಈ ಕಸುಬುದಾರರ ಹೆಸರು. ಕಸುಬಿನವನು ಮಾಡಿದ್ದೆಂದು ಮದನಿಕೆಯ ಚೆಲುವು ಒಂದು ಗುಲಗಂಜಿಯಷ್ಟಾದರೂ ಕಡಿಮೆಯಾಯಿತೇ? ಹೆನ್ಲಿಯ ನಿಯಮ ಹಿಡಿದರೆ ದಾಸೋಜನೂ ಚಾವಣನೂ ಆ ದೋಣಿ ಹತ್ತುವಂತಿರಲಿಲ್ಲ.

ಇರಲಿ, ಮತ್ತೆ ಗಿಬ್ಸನ್ನನ ಹತ್ತಿರ ಹೋಗೋಣ. ಅವನು ಡೆಟ್ರಾಯಿಟಿನಲ್ಲಿ ಹಲ್ಲಿನ ವೈದ್ಯ ಕಲಿತು ಹೌಟನ್ನಿಗೆ ಬಂದು ದವಾಖಾನೆ ತೆರೆದ. ಹಗಲು ಗಣಿಗಾರರ ಹಲ್ಲು ಕೀಳುವುದು, ಸಂಜೆ ಹಾಕಿ. ಅವನು ಸೇರಿದ ಪೋರ್ಟೇಜ್ ಲೇಕ್ ತಂಡ ಸುತ್ತಮುತ್ತ ಗೆಲ್ಲತೊಡಗಿತು. ಜೇಮ್ಸ್ ಡೀ ಎಂಬ ಸ್ಥಳೀಯ ಉದ್ಯಮಿಗೆ ಆಟದಲ್ಲಿ ಲಾಭ ಕಂಡಿತು. 1902ರ ಕೊನೆಗೆ ನೀರಿನ ದಡದಲ್ಲಿ ಆಂಫಿಡ್ರೋಮ್ ಎಂಬ ಮರದ ದೊಡ್ಡ ಕ್ರೀಡಾಮಂದಿರ ಎದ್ದಿತು. ಒಳಗೆ ಯಂತ್ರದ ಮಂಜುಗಡ್ಡೆಯಲ್ಲ. ನೆಲಕ್ಕೆ ನೀರು ಬಿಟ್ಟರೆ ಹೊರಗಿನ ಚಳಿಯೇ ಅದನ್ನು ಹೆಪ್ಪುಗಟ್ಟಿಸುತ್ತಿತ್ತು.

1903–04ರ ಚಳಿಗಾಲಕ್ಕೆ ಗಿಬ್ಸನ್ ಮತ್ತು ಡೀ ಮುಚ್ಚುಮರೆ ಬಿಟ್ಟರು. ಕೆನಡಾದಿಂದ ಒಳ್ಳೆಯ ಆಟಗಾರರನ್ನು ಕರೆಸಿದರು, ಆಡಿದ್ದಕ್ಕೆ ಸಂಬಳ ಎಂದು ಬಹಿರಂಗವಾಗಿಯೇ ಹೇಳಿದರು. ಅದಕ್ಕೆ ಮುಂಚೆ ಪಿಟ್ಸ್‌ಬರ್ಗಿನಲ್ಲಿ ಆಟಗಾರರಿಗೆ ದುಡ್ಡು ಕೊಟ್ಟದ್ದುಂಟು. ಆದರೆ ತಂಡಕ್ಕೆ ತಂಡವೇ ಸಂಬಳದ ಮೇಲೆ ನಿಂತ ಮೊದಲ ಐಸ್ ಹಾಕಿ ತಂಡವೆಂದು ಇತಿಹಾಸದಲ್ಲಿ ಹೆಸರು ಪಡೆದದ್ದು ಪೋರ್ಟೇಜ್ ಲೇಕ್. ಗೋಲಿನಲ್ಲಿ ರೈಲಿ ಹರ್ನ್, ಮುಂದೆ ಬ್ರೂಸ್ ಸ್ಟುವರ್ಟ್, ಹಿಂದೆ ಅವನ ಅಣ್ಣ ಹಾಡ್ ಸ್ಟುವರ್ಟ್. ಆ ಕಾಲದ ಆಟದಲ್ಲಿ ತಂಡಕ್ಕೆ ಏಳು ಜನ. ಅರ್ಧ ಗಂಟೆಯ ಎರಡು ಸುತ್ತು. ಈಗಿನಂತೆ ನಿಮಿಷಕ್ಕೊಮ್ಮೆ ಆಟಗಾರರನ್ನು ಬದಲಾಯಿಸುವುದಿಲ್ಲ, ಹೊರಟವರು ಕೊನೆತನಕ ಓಡಬೇಕು. ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಮುಂದಿರುವ ಜೊತೆಗಾರನಿಗೆ ದಾಟಿಸುವಂತಿರಲಿಲ್ಲ, ತಾನೇ ನೂಕಿಕೊಂಡು ನುಗ್ಗಬೇಕು.

ಆ ಚಳಿಗಾಲದಲ್ಲಿ ತಂಡ ಆಡಿದ ಪಂದ್ಯ 26, ಗೆದ್ದದ್ದು 24. ಹೊಡೆದ ಗೋಲು 273, ತಿಂದದ್ದು 48. ಪಿಟ್ಸ್‌ಬರ್ಗಿನ ವಿಕ್ಟೋರಿಯಾಸ್ ತಂಡವನ್ನು ಸೋಲಿಸಿ ಅಮೆರಿಕದ ಚಾಂಪಿಯನ್ ಆಯಿತು. ಮಾರ್ಚಿನಲ್ಲಿ ಕೆನಡಾದ ಹೆಮ್ಮೆಯಾಗಿದ್ದ ಮಾಂಟ್ರಿಯಲ್ ವಾಂಡರರ್ಸ್ ಹೌಟನ್ನಿಗೆ ಬಂತು. ಮೊದಲ ಪಂದ್ಯ 8–4, ಎರಡನೆಯದು 9–2, ಎರಡೂ ಪೋರ್ಟೇಜ್ ಲೇಕ್ ಪಾಲಿಗೆ. ಗಣಿಯ ಊರು ತಾನೇ ಜಗದ್ವಿಜೇತ ಎಂದು ಸಾರಿಕೊಂಡಿತು. ಕೆನಡಾ ಹಾಕಿಯ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಇಟ್ಟುಕೊಂಡಿದ್ದ ಒಟ್ಟಾವಾ ತಂಡಕ್ಕೂ ಸವಾಲು ಹೋಯಿತು. ಒಟ್ಟಾವಾ ಒಪ್ಪಲಿಲ್ಲ.

ಅದೇ ವರ್ಷದ ಕೊನೆಗೆ ಹಾಕಿಯ ಮೊದಲ ಪೂರ್ಣ ವೃತ್ತಿಪರ ಲೀಗ್ ಶುರುವಾಯಿತು, ಇಂಟರ್‌ನ್ಯಾಷನಲ್ ಲೀಗ್ ಎಂದು. ತಂಡಗಳು ಐದು: ಪೋರ್ಟೇಜ್ ಲೇಕ್, ಪಕ್ಕದ ಗಣಿಯೂರು ಕ್ಯಾಲುಮೆಟ್, ಪಿಟ್ಸ್‌ಬರ್ಗ್, ಗಡಿಯ ಈಚೆಗೊಂದು ಆಚೆಗೊಂದು ಇರುವ ಸೂ ಸೇಂಟ್ ಮರಿ ಎಂಬ ಒಂದೇ ಹೆಸರಿನ ಎರಡು ಊರುಗಳು. ಮೊದಲ ವರ್ಷ ಗೆದ್ದದ್ದು ಕ್ಯಾಲುಮೆಟ್. ನಂತರದ ಎರಡು ವರ್ಷವೂ ಪೋರ್ಟೇಜ್ ಲೇಕ್.

ಆ ಗೆಲುವಿನ ಹಿಂದೆ ಒಬ್ಬ ಹುಡುಗ ಇದ್ದ, ಫ್ರೆಡ್ ಟೇಲರ್. ಮುಂದೆ ಸೈಕ್ಲೋನ್ ಟೇಲರ್ ಎಂದು ಲೋಕಕ್ಕೆಲ್ಲ ಗೊತ್ತಾದವನು. ಟೊರಾಂಟೊದ ಒಂದು ತಂಡಕ್ಕೆ ಬಾ ಎಂದಾಗ ಅವನು ಒಲ್ಲೆ ಎಂದಿದ್ದ. ಅಷ್ಟಕ್ಕೇ ಒಂಟಾರಿಯೊ ಸಂಘ ಅವನಿಗೆ ಆಟ ನಿಷೇಧಿಸಿತು. ಕೂಲಿ ಕೊಡದ ಯಜಮಾನ ಆಳು ಬೇರೆ ಕಡೆ ಹೋಗದಂತೆ ಬಾಗಿಲು ಹಾಕಿದ ಹಾಗೆ. ಟೇಲರ್ 1906ರಲ್ಲಿ ಗಡಿ ದಾಟಿದ. ಹೌಟನ್ ಅವನಿಗೆ ಉಳಿದ ಋತುವಿಗೆ 400 ಡಾಲರ್ ಮತ್ತು ಖರ್ಚು ಕೊಟ್ಟಿತು.

ಇನ್ನೇನು ಎಲ್ಲ ಸರಿಯಾಯಿತು ಎನ್ನುವಾಗಲೇ ಲೀಗ್ ಮುಗಿಯಿತು. ಹೌಟನ್ನಿನ ಗುಟ್ಟು ಕೆನಡಾದವರಿಗೆ ತಿಳಿದಿತ್ತು. ಒಳ್ಳೆಯ ಆಟಗಾರರು ಗಡಿ ದಾಟುವುದನ್ನು ನೋಡಿ ನೋಡಿ, 1906–07ರ ಹೊತ್ತಿಗೆ ಅಲ್ಲಿನ ದೊಡ್ಡ ಲೀಗೂ ಸಂಬಳದ ಆಟಗಾರರಿಗೆ ಅವಕಾಶ ಕೊಟ್ಟಿತು. ಮನೆಯಲ್ಲೇ ಊಟ ಸಿಗುವಾಗ ಪರದೇಶದ ಛತ್ರ ಯಾರಿಗೆ ಬೇಕು? ಆಟಗಾರರು ಒಬ್ಬೊಬ್ಬರಾಗಿ ವಾಪಸಾದರು. 1907ರಲ್ಲಿ ಅಮೆರಿಕದ ಹಣಕಾಸು ಕುಸಿಯಿತು, ಗಣಿಯ ಊರುಗಳ ಕೈ ಬಿಗಿಯಾಯಿತು. ಮೂರು ಋತುಗಳ ಆಯುಸ್ಸಿಗೆ ಲೀಗ್ ಮುಚ್ಚಿತು. ಹಾಡ್ ಸ್ಟುವರ್ಟ್ ಅದೇ ಬೇಸಿಗೆಯಲ್ಲಿ ನೀರಿಗೆ ಧುಮುಕುವಾಗ ತಲೆಗೆ ಪೆಟ್ಟಾಗಿ ತೀರಿಕೊಂಡ. ಆಂಫಿಡ್ರೋಮ್ 1927ರಲ್ಲಿ ಸುಟ್ಟುಹೋಯಿತು. ಅದೇ ಜಾಗದಲ್ಲಿ ಎದ್ದ ಹೊಸ ಕಟ್ಟಡಕ್ಕೆ ಮುಂದೆ ಡೀಯ ಹೆಸರಿಟ್ಟರು. ತಾಮ್ರದ ಗಣಿಗಳೂ ಒಂದೊಂದಾಗಿ ಮುಚ್ಚಿದವು, ನಮ್ಮ ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಹಾಗೆ.

ಟೇಲರನ ಮುಂದಿನ ಕತೆಯಲ್ಲಿ ನಮಗೆ ಬೇಕಾದ್ದು ಎರಡಿದೆ. ಒಟ್ಟಾವಾ ತಂಡ ಅವನನ್ನು ಕರೆದದ್ದು 500 ಡಾಲರ್ ಮತ್ತು ಒಂದು ಸರ್ಕಾರಿ ನೌಕರಿಗೆ, ವಲಸೆ ಇಲಾಖೆಯಲ್ಲಿ. ಸ್ಪೋರ್ಟ್ಸ್ ಕೋಟಾ ನಮ್ಮಲ್ಲೇ ಹುಟ್ಟಿದ್ದೆಂದು ಯಾರೂ ಬೀಗಬೇಕಾಗಿಲ್ಲ. 1909–10ರಲ್ಲಿ ರೆನ್‌ಫ್ರೂ ಎಂಬ ಸಣ್ಣ ಊರು ಅವನಿಗೆ ಹನ್ನೆರಡು ಪಂದ್ಯಗಳಿಗೆ 5,250 ಡಾಲರ್ ಕೊಟ್ಟಿತು. ಇದು ಒಂದು.

ಇನ್ನೊಂದು ಸ್ವಲ್ಪ ಕಹಿ. 1914ರ ಮೇ 23ರಂದು ವ್ಯಾಂಕೂವರ್ ಬಂದರಿಗೆ ಕೋಮಾಗಾಟಾ ಮಾರು ಎಂಬ ಹಡಗು ಬಂತು. ಒಳಗೆ 376 ಜನ ಭಾರತೀಯರು, ಹೆಚ್ಚಿನವರು ಸಿಖ್ಖರು, ದುಡಿದು ತಿನ್ನಲು ಬಂದವರು. ಎರಡು ತಿಂಗಳು ನೀರಿನ ಮೇಲೇ ನಿಲ್ಲಿಸಿ, ಕೆಲವೇ ಜನರನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದಕ್ಕೆ ಅಟ್ಟಿದರು. ಆ ಹಡಗಿನ ಬಳಿಗೆ ಹೋದ ವಲಸೆ ಅಧಿಕಾರಿಗಳಲ್ಲಿ ಸೈಕ್ಲೋನ್ ಟೇಲರನೂ ಒಬ್ಬ. ತೀರ್ಮಾನ ಅವನದಲ್ಲ, ಸರ್ಕಾರದ್ದು. ಆದರೂ ನನಗೆ ಎಂಟು ವರ್ಷದ ಹಿಂದಿನ ಅವನ ಪ್ರಯಾಣ ಕಣ್ಣಿಗೆ ಕಟ್ಟುತ್ತದೆ. ಸ್ವಂತ ನಾಡಿನಲ್ಲಿ ಬಾಗಿಲು ಮುಚ್ಚಿದಾಗ ಕೂಲಿ ಹುಡುಕಿ ಗಡಿ ದಾಟಿದವನು, ಕೂಲಿ ಹುಡುಕಿ ಬಂದವರ ಎದುರು ಬಾಗಿಲು ಕಾಯುವ ಕೆಲಸಕ್ಕೆ ನಿಂತಿದ್ದ.

ನಮ್ಮ ಕಡೆ ಏನಾಯಿತು ನೋಡೋಣ. ಕನ್ನಡಕ್ಕೆ ಈ ಎರಡು ಮಾತು ಹೊಸದಲ್ಲ: ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ. ಅರಸೀಕೆರೆಯಿಂದ ಬೆಂಗಳೂರಿಗೆ ಹೋಗುವ ರೈಲುದಾರಿಯಲ್ಲೇ ಸಿಗುವ ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಹುಟ್ಟಿತು. ಅದರ ನಟರು ಸಂಬಳಕ್ಕೆ ಬಣ್ಣ ಹಚ್ಚಿದವರು. ಸಂಬಳ ಪಡೆದದ್ದಕ್ಕೆ ಗುಬ್ಬಿ ವೀರಣ್ಣನವರ ಕಲೆಗೆ ಕಳಂಕ ತಟ್ಟಿತೆಂದು ನಮ್ಮ ಯಾವ ಅಜ್ಜನೂ ಹೇಳಲಿಲ್ಲ. ಟಿಕೆಟ್ ಕೊಂಡು ಹೋಗಿ ನೋಡಿದರು.

ಆಟದ ವಿಷಯದಲ್ಲಿ ಮಾತ್ರ ನಾವು ಬಳಸುದಾರಿ ಹಿಡಿದೆವು. ಹಾಕಿ ಆಡುವವನಿಗೆ ರೈಲ್ವೆಯಲ್ಲಿ, ಬ್ಯಾಂಕಿನಲ್ಲಿ, ಪೊಲೀಸಿನಲ್ಲಿ, ಸೈನ್ಯದಲ್ಲಿ, ಬೆಂಗಳೂರಿನ ಕಾರ್ಖಾನೆಗಳಲ್ಲಿ ನೌಕರಿ. ಹುದ್ದೆ ಗುಮಾಸ್ತನದು, ಕೆಲಸ ಮೈದಾನದಲ್ಲಿ. ಆ ದಾರಿಯಿಂದ ಎಷ್ಟೋ ಮನೆಗಳ ಒಲೆ ಉರಿದಿದೆ, ಅದನ್ನು ಹಗುರಾಗಿ ಕಾಣಲಾರೆ. ಬರೀ ಆಟವನ್ನೇ ಕಸುಬು ಮಾಡುವ ಹಾಕಿ ತಂಡ ನಮಗೆ ಬಂದದ್ದು ತೀರ ಈಚೆಗೆ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾದಾಗ ಬೆಂಗಳೂರು ಹೈ ಫ್ಲೈಯರ್ಸ್ ಎಂಬ ತಂಡ ಇತ್ತು. ಆ ಲೀಗ್ 2008ಕ್ಕೆ ನಿಂತಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು, ಎಂಟು ತಂಡ. ನಮ್ಮದು ಕರ್ನಾಟಕ ಲಯನ್ಸ್. ನಾಯಕ ಕೊಡಗಿನ ಅರ್ಜುನ್ ಹಾಲಪ್ಪ, ತರಬೇತುದಾರ ಜೂಡ್ ಫೆಲಿಕ್ಸ್. ಫೆಬ್ರವರಿ 29ಕ್ಕೆ ಶುರು, ಏಪ್ರಿಲ್ 2ಕ್ಕೆ ಫೈನಲ್. ಅದನ್ನು ನಡೆಸಿದ ಸಂಘ ಬೇರೆ, ಅಂತಾರಾಷ್ಟ್ರೀಯ ಮಾನ್ಯತೆ ಇದ್ದ ಸಂಘ ಬೇರೆ. ಇಬ್ಬರ ಜಗಳದಲ್ಲಿ ಎರಡನೆಯ ವರ್ಷದ ಆಟ ನಡೆಯಲೇ ಇಲ್ಲ. ಹೌಟನ್ನಿಗೆ ಮೂರು ಋತುಗಳಾದರೂ ಸಿಕ್ಕಿದ್ದವು.

ಕ್ರಿಕೆಟ್ಟಿಗೆ ಈ ಕಷ್ಟವಿಲ್ಲ. ನಮ್ಮ ತಾಲ್ಲೂಕಿನ ಜಾವಗಲ್ಲಿನ ಹೆಸರನ್ನು ತನ್ನ ಹೆಸರಿನ ಮುಂದೆ ಹೊತ್ತ ಶ್ರೀನಾಥ್ 1995ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಕೌಂಟಿಗೆ ಹೋಗಿ ಆ ಒಂದೇ ಋತುವಿನಲ್ಲಿ 87 ವಿಕೆಟ್ ತೆಗೆದರು. ಕೌಂಟಿಯ ಸಂಬಳಕ್ಕೆ ಹೋದರೆಂದು ಇಲ್ಲಿ ಯಾರೂ ತಲೆ ತಗ್ಗಿಸಲಿಲ್ಲ, ಎದೆ ತಟ್ಟಿಕೊಂಡೆವು. ಬಳ್ಳಿಗಾವೆಯ ದಾಸೋಜ ಬೇಲೂರಿಗೆ ಬಂದ, ಜಾವಗಲ್ಲಿನ ಹೆಸರು ಗ್ಲಾಸ್ಟರ್‌ಷೈರಿಗೆ ಹೋಯಿತು. ಕಸುಬಿಗೆ ಕಾಲಿದೆ, ಅದು ನಡೆಯುತ್ತದೆ.

ಹಾಗಾದರೆ ಆ ಜಾತ್ರೆಯ ಆಟಗಾರ? ಈಗ ನನಗೆ ಅನ್ನಿಸುವುದು ಇಷ್ಟು. ಅವನು ದುಡ್ಡು ಪಡೆದದ್ದರಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಪಟ್ಟಿಯಲ್ಲಿ ಬರೆದ ಇನ್ನೊಬ್ಬನ ಹೆಸರಿನಲ್ಲಿ. ಬರ್ಲಿನ್ನಿನ ಮೇಯರ್ ಕೊಟ್ಟ ಚಿನ್ನದ ನಾಣ್ಯವನ್ನು ಅಪರಾಧ ಎಂದರು, ಐದಾರು ವರ್ಷದ ಮೇಲೆ ಅದೇ ಹುಡುಗ ಬಹಿರಂಗ ಸಂಬಳದ ತಂಡ ಕಟ್ಟಿ ನಿಲ್ಲಿಸಿದ. ಹೊರಹಾಕಿದ್ದ ಕೆನಡಾವೇ 1976ರಲ್ಲಿ ಡಾಕ್ ಗಿಬ್ಸನ್ನನ ಹೆಸರನ್ನು ತನ್ನ ಹಾಕಿ ಕೀರ್ತಿಮಂದಿರಕ್ಕೆ ಸೇರಿಸಿತು. ಅದನ್ನು ನೋಡಲು ಅವನು ಇರಲಿಲ್ಲ, 1954ರಲ್ಲೇ ತೀರಿಕೊಂಡಿದ್ದ.

ಈಗಲೂ ನಮ್ಮ ಕಡೆಯ ಜಾತ್ರೆಗಳಲ್ಲಿ ಕಬಡ್ಡಿ, ವಾಲಿಬಾಲ್ ಪಂದ್ಯ ಜೋರಾಗಿಯೇ ನಡೆಯುತ್ತವೆ. ಹೊರಗಿನ ಆಟಗಾರರನ್ನು ಕರೆಸುವುದೂ ನಡೆಯುತ್ತದೆ. ಪಂದ್ಯ ನಡೆಸುವ ಯುವಕ ಸಂಘದ ಗೆಳೆಯರಲ್ಲಿ ನನ್ನದೊಂದು ವಿನಂತಿ. ಕರೆಸಿ, ಆಟ ಚೆನ್ನಾಗಲಿ. ಆದರೆ ಬಂದವನ ನಿಜವಾದ ಹೆಸರನ್ನು ಪಟ್ಟಿಯಲ್ಲಿ ಬರೆಯಿರಿ. ಊರಿನ ಹುಡುಗರಿಗೆ ಎಷ್ಟು ಜಾಗ, ಹೊರಗಿನವರಿಗೆ ಎಷ್ಟು ಎಂಬುದನ್ನು ಮೊದಲೇ ಕರಪತ್ರದಲ್ಲಿ ಹಾಕಿ. ಅವನಿಗೆ ಕೊಡುವುದನ್ನು ಬಹುಮಾನ ಹಂಚುವ ವೇದಿಕೆಯ ಮೇಲೆ, ಮೈಕಿನಲ್ಲಿ ಹೆಸರು ಕೂಗಿ, ಊರಿನ ಎದುರಿಗೆ ಕೈಗೆ ಕೊಡಿ. ಗೋಡೆಯ ಮರೆಯಲ್ಲಿ ಮಾತ್ರ ಬೇಡ.